ಒಂದು ಪಿಕ್ಸೆಲ್‌ನಲ್ಲಿ ಅರವತ್ತು ಚುಕ್ಕೆ

ಕಳೆದ ವರ್ಷ ಒಂದು ರಾತ್ರಿ, ಪುಣೆಯ ನಮ್ಮ ಆಫೀಸಿನಲ್ಲಿ ನೋಡಿಕೊಳ್ಳುವ ಸರ್ವರ್ ಇದ್ದಕ್ಕಿದ್ದಂತೆ ನಿಧಾನವಾಯಿತು. ಗ್ರಾಫ್‌ನಲ್ಲಿ ಗೆರೆ ಮೇಲೇಳುವ ಜಾಗಕ್ಕೆ ಕರ್ಸರ್ ಒಯ್ದೆ. ಸಮಯ ಮೂಡಿತು: 2 ಗಂಟೆ 14 ನಿಮಿಷ 50 ಸೆಕೆಂಡ್. ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗನ ಕೋಡ್ ಸರ್ವರ್‌ಗೆ ಹೋಗಿದ್ದು ಅದಕ್ಕೆ 20 ಸೆಕೆಂಡ್ ಮೊದಲು. ಹಿಂದೆಮುಂದೆ ನೋಡದೆ ತಂಡದ ಗ್ರೂಪಿನಲ್ಲಿ ಅವನ ಹೆಸರು ಹಾಕಿಬಿಟ್ಟೆ.

ಬೆಳಿಗ್ಗೆ ಅದೇ ಗ್ರಾಫನ್ನು ಜೂಮ್ ಮಾಡಿದಾಗ ಎದೆ ಧಸಕ್ಕೆಂದಿತು. ಏರಿಕೆ ಶುರುವಾಗಿದ್ದು 14 ನಿಮಿಷ 10 ಸೆಕೆಂಡಿಗೆ, ಅಂದರೆ ಅವನ ಕೋಡ್ ಹೋಗುವ ಮೊದಲೇ. ನಿಜವಾದ ಕಾರಣ ತುಂಬಿಹೋಗಿದ್ದ ಡಿಸ್ಕ್. ಆ ಹುಡುಗ ಮಾತ್ರ ರಾತ್ರಿಯಿಡೀ ನಿದ್ದೆಗೆಟ್ಟು ತನ್ನ ಕೋಡಿನಲ್ಲಿ ಇಲ್ಲದ ತಪ್ಪನ್ನು ಹುಡುಕಿದ್ದ.

ಕರ್ಸರ್ ಸುಳ್ಳು ಹೇಳಿತೇ? ಲೆಕ್ಕ ಹಾಕಿ ನೋಡಿ. ಸೆಕೆಂಡಿಗೊಂದರಂತೆ ದಿನಕ್ಕೆ 86,400 ಚುಕ್ಕೆ. ಗ್ರಾಫ್‌ನ ಅಗಲ 1,440 ಪಿಕ್ಸೆಲ್ ಎಂದರೆ, ಒಂದು ಪಿಕ್ಸೆಲ್‌ನ ಅಗಲದಲ್ಲಿ 60 ಚುಕ್ಕೆಗಳು, ಇಡೀ ಒಂದು ನಿಮಿಷ. ಮೌಸ್ ಹಿಡಿದ ಕೈ ಎಷ್ಟೇ ಸ್ಥಿರವಾಗಿದ್ದರೂ ಅವುಗಳಲ್ಲಿ ಬೇಕಾದ ಒಂದನ್ನೇ ಮುಟ್ಟಲಾಗದು. ಸಾಮಾನ್ಯವಾಗಿ ಸಾಫ್ಟ್‌ವೇರ್ ಕರ್ಸರ್‌ಗೆ ಹತ್ತಿರವಿದ್ದ ಒಂದು ಚುಕ್ಕೆಯನ್ನು ತಾನೇ ಆರಿಸಿ ತೋರಿಸುತ್ತದೆ. ಉಳಿದ 59ರ ಸುದ್ದಿಯೇ ಇಲ್ಲ. ನನ್ನ ತಕರಾರು ಇರುವುದು ಆ ಮೌನದ ಬಗ್ಗೆ.

ಈ ತೊಡಕು ಹೊಸದಲ್ಲ. 2005ರಲ್ಲೇ ಟೋವಿ ಗ್ರಾಸ್‌ಮನ್ ಮತ್ತು ರವಿನ್ ಬಾಲಕೃಷ್ಣನ್ 'ಬಬಲ್ ಕರ್ಸರ್' ರೂಪಿಸಿದರು. ಸುತ್ತಲಿನ ದಟ್ಟಣೆಗೆ ತಕ್ಕಂತೆ ಹಿಗ್ಗಿ ಕುಗ್ಗಿ, ಯಾವಾಗಲೂ ಒಂದೇ ಗುರಿಯನ್ನು ಹಿಡಿಯುವ ಕರ್ಸರ್ ಅದು. ಬಿಡಿಬಿಡಿಯಾಗಿರುವ ಗುರಿಗಳಿಗೆ ಅದು ಸೊಗಸು. ಆದರೆ ಒಂದರ ಮೇಲೊಂದು ಕುಳಿತ ಚುಕ್ಕೆಗಳ ಮುಂದೆ ಅದರ ಆಟವೂ ನಡೆಯದು.

ಹಾಗಾಗಿ ನಾವು ಮಾಡಬೇಕಾದ್ದು ಸರಳ. ಕರ್ಸರ್ ಅಡಿಯಲ್ಲಿ ಒಂದಕ್ಕಿಂತ ಹೆಚ್ಚು ಚುಕ್ಕೆಗಳಿದ್ದರೆ 'ಇಲ್ಲಿ 60 ಇವೆ' ಎಂದು ಹೇಳಬೇಕು. ಅವುಗಳ ಮೊದಲ ಮತ್ತು ಕೊನೆಯ ಸಮಯ, ಕನಿಷ್ಠ ಮತ್ತು ಗರಿಷ್ಠ ಬೆಲೆ ತೋರಿಸಬೇಕು. ಕೀಬೋರ್ಡಿನ ಬಾಣದ ಗುಂಡಿಯಿಂದ ಒಂದೊಂದೇ ಚುಕ್ಕೆ ದಾಟುವಂತಿರಬೇಕು. ಇದು ದೊಡ್ಡ ಸಂಶೋಧನೆಯೇನಲ್ಲ, ಕೆಲವು ದಿನಗಳ ಕೆಲಸ. ಆದರೂ 'ಬಳಕೆದಾರರು ಕೇಳಿಲ್ಲ' ಎಂದು ಪಟ್ಟಿಯ ಕೊನೆಗೆ ತಳ್ಳುತ್ತೇವೆ. ತಪ್ಪು ಚುಕ್ಕೆ ನೋಡಿದ್ದೇನೆಂದು ಗೊತ್ತೇ ಆಗದ ಬಳಕೆದಾರ ಕೇಳುವುದಾದರೂ ಹೇಗೆ?

ಹೈದರಾಬಾದ್, ಚೆನ್ನೈ, ಪುಣೆ ಎನ್ನದೆ ಎಲ್ಲೆಡೆ ಇಂಥ ಗ್ರಾಫ್‌ಗಳ ಮುಂದೆ ರಾತ್ರಿಪಾಳಿ ಮಾಡುವ ನಮ್ಮವರು ಬಹಳ ಮಂದಿ ಇದ್ದೀರಿ. ಗ್ರಾಫ್ ಕಟ್ಟುವವರಾದರೆ ಆ ಸಂಖ್ಯೆಯನ್ನು ತೋರಿಸಿ. ನೋಡುವವರಾದರೆ, ಯಾರದೇ ಹೆಸರು ಬರೆಯುವ ಮೊದಲು ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುವವರೆಗೆ ಜೂಮ್ ಮಾಡಿ.

ಆ ಹುಡುಗನಲ್ಲಿ ಅದೇ ಗ್ರೂಪಿನಲ್ಲಿ, ಎಲ್ಲರ ಎದುರೇ ಕ್ಷಮೆ ಕೇಳಿದೆ. 'ಪರವಾಗಿಲ್ಲ ಸರ್' ಎಂದ. ಮುಂದಿನ ಎರಡು ತಿಂಗಳು ಮಾತ್ರ, ತನ್ನ ಪ್ರತಿ ಕೋಡನ್ನೂ ನನಗೆ ತೋರಿಸದೆ ಕಳಿಸಲಿಲ್ಲ.