ಬೈಪಾಸ್ ಬಿಟ್ಟು ಊರೊಳಗೆ

ಹಬ್ಬದ ಸಂಚಿಕೆಯ ಕೆಲಸ ಶುರುವಾಯಿತೆಂದರೆ ಸಂಪಾದಕರ ಫೋನು ಬರುತ್ತದೆ, "ನಿಮ್ಮ ಹರಟೆ ಇನ್ನೂ ಬಂದಿಲ್ಲವಲ್ಲ ಸಾರ್!" ಎಂದು. ಹರಟೆ ಹೊಡೆಯಿರಿ ಎಂದು ಇಷ್ಟು ಮರ್ಯಾದೆಯಿಂದ ಕೇಳುವ ಜಾಗ ಪ್ರಪಂಚದಲ್ಲಿ ಇದೊಂದೇ ಇರಬೇಕು. ಮನೆಯಲ್ಲಂತೂ ಇಲ್ಲ. ಈ ಸಲ ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗುವ ದಾರಿಯ ಬಗ್ಗೆ ಬರೆಯೋಣವೆನಿಸಿತು. ಗಮನಿಸಿ, ಊರುಗಳ ಬಗ್ಗೆ ಅಲ್ಲ, ದಾರಿಯ ಬಗ್ಗೆ.

ಊರುಗಳ ಬಗ್ಗೆ ಬರೆದರೆ ಒಂದಲ್ಲ ಒಂದು ಮನೆಯ ಹಬ್ಬದೂಟ ತಪ್ಪುತ್ತದೆ. ಸಿಡ್ನಿ ಮೇಲೋ ಮೆಲ್ಬರ್ನ್ ಮೇಲೋ ಎಂಬುದು ಈ ದೇಶದ ಮೈಸೂರುಪಾಕು–ಧಾರವಾಡ ಪೇಡಾ ಜಗಳ. 1901ರಲ್ಲಿ ಆರು ವಸಾಹತುಗಳು ಸೇರಿ ಒಂದು ದೇಶವಾದಾಗ ರಾಜಧಾನಿ ಎಲ್ಲಿ ಎನ್ನುವುದಕ್ಕೇ ಇವರಿಬ್ಬರೂ ಹಟ ಹಿಡಿದು ಕೂತರಂತೆ. ಕೊನೆಗೆ, ರಾಜಧಾನಿ ನ್ಯೂ ಸೌತ್ ವೇಲ್ಸ್‌ನಲ್ಲೇ ಇರಲಿ, ಆದರೆ ಸಿಡ್ನಿಯಿಂದ ನೂರು ಮೈಲಿಯಾದರೂ ದೂರವಿರಲಿ, ಅದು ಸಿದ್ಧವಾಗುವ ತನಕ ಪಾರ್ಲಿಮೆಂಟು ಮೆಲ್ಬರ್ನ್‌ನಲ್ಲಿ ಸೇರಲಿ ಎಂದು ರಾಜಿಯಾಯಿತು. 1927ರವರೆಗೂ ಅಲ್ಲೇ ಸೇರಿತು. ಹಾಗೆ ಹುಟ್ಟಿದ್ದು ಕ್ಯಾನ್ಬೆರಾ. ಇಬ್ಬರು ಮಕ್ಕಳು ಒಂದೇ ಆಟಿಕೆಗೆ ಜಗಳವಾಡಿದಾಗ ನಾವು ಅದನ್ನು ಅಟ್ಟದ ಮೇಲಿಡುವುದಿಲ್ಲವೇ, ಹಾಗೆ!

ಈಗ ದಾರಿಗೆ ಬರೋಣ. ವಿಮಾನದಲ್ಲಿ ಒಂದೂವರೆ ಗಂಟೆ. ಕಾರಿನಲ್ಲಿ ಹ್ಯೂಮ್ ಹೆದ್ದಾರಿ ಹಿಡಿದರೆ ಸುಮಾರು 880 ಕಿಲೋಮೀಟರ್, ಒಂಬತ್ತು ಗಂಟೆಗೆ ಮೇಲೆ. ಸೆಪ್ಟೆಂಬರ್ ಕೊನೆಯ ಶಾಲಾ ರಜೆಯಲ್ಲಿ ನಾವು ಕಾರಿನಲ್ಲೇ ಹೊರಟಿದ್ದೇವೆ ಅಂದಾಗ ಮಿತ್ರರೊಬ್ಬರು, "ಟಿಕೆಟ್ ಅಗ್ಗಕ್ಕೆ ಸಿಗುತ್ತಲ್ಲ ಮಾರಾಯ್ರೇ, ಯಾಕೆ ಈ ತಪಸ್ಸು?" ಅಂದರು. ಕಾರಣ ಅಮ್ಮ. ಮೈಸೂರಿನಿಂದ ಬಂದು ಎರಡು ತಿಂಗಳಾಗಿತ್ತು, ಹೊರಡಲು ಎರಡು ವಾರ ಉಳಿದಿತ್ತು. ಆ ಎರಡು ತಿಂಗಳಲ್ಲಿ ಅಜ್ಜಿಗೂ ಮೊಮ್ಮಕ್ಕಳಿಗೂ ನಡೆದ ಸಂಭಾಷಣೆ ದಿನಕ್ಕೆ ಮೂರು ವಾಕ್ಯ: "ಊಟ ಆಯ್ತಾ ಪುಟ್ಟಾ?" "ಆಯ್ತು ಅಜ್ಜಿ." "ಹುಷಾರು." ಪ್ರೀತಿಗೆ ಕೊರತೆಯಿಲ್ಲ, ಸಮಯಕ್ಕೆ ಕೊರತೆ. ಸ್ಕೂಲು, ಟ್ಯೂಷನ್ನು, ಈಜು, ಹೋಂವರ್ಕು ಎಂದು ಮಕ್ಕಳು ಅಜ್ಜಿಯ ಪಕ್ಕದಲ್ಲೇ ನೂರು ಕಿಲೋಮೀಟರ್ ವೇಗದಲ್ಲಿ ಹಾದುಹೋಗುತ್ತಿದ್ದರು. ಒಂಬತ್ತು ಗಂಟೆ ಎಲ್ಲರೂ ಒಂದೇ ಡಬ್ಬಿಯೊಳಗೆ ಕೂತರೆ ಏನಾದೀತು ನೋಡೋಣ ಎಂಬುದು ನನ್ನಾಕೆಯ ಯೋಜನೆ. ಅವಳೇ ಅಮ್ಮನನ್ನು ಹಿಂದಿನ ಸೀಟಿನಲ್ಲಿ, ಮಕ್ಕಳಿಬ್ಬರ ನಡುವೆ ಕೂರಿಸಿದಳು. "ಅತ್ತೆ, ಕನ್ನಡಕ ತಗೊಂಡ್ರಾ? ಪುಸ್ತಕ?" ಎಂದು ಎರಡು ಸಲ ಕೇಳಿದಳು.

ಪುಸ್ತಕ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದದ್ದು, ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಕಥೆ, ನಿಮ್ಮಲ್ಲಿ ಹೆಚ್ಚಿನವರು ಓದಿರುತ್ತೀರಿ. ಅಮ್ಮ ಗಟ್ಟಿಯಾಗಿ ಓದತೊಡಗಿದರು. ಹ್ಯೂಮ್ ಹೆದ್ದಾರಿ ಅಲ್ಲಲ್ಲಿ ಸ್ಕೇಲಿಟ್ಟು ಗೆರೆ ಎಳೆದ ಹಾಗಿದೆ. "ನಮ್ಮ ಚಾರ್ಮಾಡಿ ಘಾಟಿ ಆಗಿದ್ದಿದ್ರೆ ಎರಡನೇ ತಿರುವಿಗೇ ಪುಸ್ತಕ ಮುಚ್ಚಬೇಕಾಗಿತ್ತು" ಅಂದರು. ಹದಿನಾಲ್ಕರ ಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಒಂಬತ್ತರ ಮಗ ಮಾತ್ರ, "ಓತಿ ಅಂದ್ರೇನು ಅಜ್ಜಿ?" ಎಂದ. ಓತಿಕ್ಯಾತ ಎಂದರೂ ತಿಳಿಯಲಿಲ್ಲ. ಕತ್ತು ಮೇಲೆ ಕೆಳಗೆ ಆಡಿಸಿ ತೋರಿಸಿದ ಮೇಲೆ ತಿಳಿಯಿತು. ಕೂಡಲೇ ಅವನು, ಈ ದೇಶದಲ್ಲಿ ಶುಗರ್ ಗ್ಲೈಡರ್ ಅಂತ ಒಂದು ಪುಟ್ಟ ಪ್ರಾಣಿಯಿದೆ, ಅದೂ ಮೈಚರ್ಮ ಅಗಲಿಸಿ ಮರದಿಂದ ಮರಕ್ಕೆ ತೇಲುತ್ತದೆ ಎಂದು ಅಜ್ಜಿಗೆ ಪಾಠ ಮಾಡಿದ, ಅರ್ಧ ಕನ್ನಡ ಅರ್ಧ ಕೈಸನ್ನೆಯಲ್ಲಿ. ಕಥೆಯಲ್ಲಿ ಬರುವ ನಾಯಿಯ ಹೆಸರು ಕಿವಿ ಎಂದು ಗೊತ್ತಾದಾಗ, "ಹಾಗಾದ್ರೆ ಅದು ನ್ಯೂಜಿಲೆಂಡ್ ನಾಯೀನಾ?" ಎಂದ. ಹೆಡ್‌ಫೋನಿನ ಒಂದು ಕಡೆ ಕೆಳಗೆ ಸರಿದದ್ದು ನನಗೆ ಕನ್ನಡಿಯಲ್ಲಿ ಕಂಡಿತು.

ಮೊದಲ ನಿಲುಗಡೆ ಗೋಲ್ಬರ್ನ್‌ನಲ್ಲಿ. ಅಲ್ಲಿ ಹದಿನೈದು ಮೀಟರ್ ಎತ್ತರದ ಕಾಂಕ್ರೀಟು ಕುರಿಯೊಂದಿದೆ, ಬಿಗ್ ಮೆರಿನೊ. 1985ರಲ್ಲಿ ಕಟ್ಟಿದ್ದು. 1992ರಲ್ಲಿ ಊರಿಗೆ ಬೈಪಾಸ್ ಬಂತು, ಕಾರುಗಳು ಹೊರಗಿನಿಂದಲೇ ಹೋಗತೊಡಗಿದವು, ಕುರಿಯನ್ನು ನೋಡುವವರು ಕಡಿಮೆಯಾದರು. ಊರಿನವರು ಸುಮ್ಮನೆ ಕೂರಲಿಲ್ಲ. 2007ರಲ್ಲಿ ಆ ಕುರಿಯನ್ನೇ ಎತ್ತಿ, ಹೆದ್ದಾರಿಗೆ ಹತ್ತಿರವಾಗುವ ಹಾಗೆ ತಂದು ಇಟ್ಟರು! ಅಮ್ಮ ಇದನ್ನು ಕೇಳಿ, "ಗಿರಾಕಿ ಬರದಿದ್ರೆ ಅಂಗಡೀನೇ ಗಿರಾಕಿ ಹತ್ರ ಹೋಗ್ಬೇಕು, ಸರಿಯಾಗೇ ಮಾಡಿದಾರೆ" ಅಂದರು.

ಗುಂಡಗೈ ಹತ್ತಿರ ಮಧ್ಯಾಹ್ನದ ಊಟ. ದಾರಿಯ ಎರಡೂ ಕಡೆ ಕನೋಲಾ ಹೊಲಗಳು ಹಳದಿಯಾಗಿ ಅರಳಿದ್ದವು. ಅಮ್ಮನಿಗೆ ಊರಿನ ಹುಚ್ಚೆಳ್ಳು ಹೊಲ ನೆನಪಾಯಿತು. ಅಲ್ಲಿ ಊಟದ ಪೆಟ್ಟಿಗೆಯ ಮೇಲೆ ಕೂತ ನಾಯಿಯ ಪ್ರತಿಮೆ ಪ್ರಸಿದ್ಧ. ಎತ್ತಿನ ಗಾಡಿ ಹೊಡೆಯುತ್ತಿದ್ದವರ ಕಾಲದ ಕಥೆ. ಯಜಮಾನನ ಊಟದ ಪೆಟ್ಟಿಗೆಯನ್ನು ಬಿಟ್ಟು ಕದಲದ ನಾಯಿ ಅದು. 1932ರಲ್ಲಿ ಆಗಿನ ಪ್ರಧಾನಿ ಜೋಸೆಫ್ ಲಯನ್ಸ್ ಈ ಪ್ರತಿಮೆಯನ್ನು ಅನಾವರಣ ಮಾಡಿದರು. "ಓ, ಬುತ್ತಿ ಕಾಯೋ ನಾಯಿ" ಅಂದರು ಅಮ್ಮ. ಬುತ್ತಿ! ಆ ಪದ ನನ್ನ ಬಾಯಲ್ಲಿ ಬಂದು ಎಷ್ಟು ವರ್ಷವಾಗಿತ್ತೋ. ನಮ್ಮ ಬುತ್ತಿಯಲ್ಲಿ ಪುಳಿಯೋಗರೆ, ಮೊಸರನ್ನ, ಒಂದು ಡಬ್ಬಿ ಕೋಡುಬಳೆ. ಊಟ ಮಾಡುತ್ತಾ ಅಮ್ಮ ಒಗಟಿನ ಆಟ ಶುರುಮಾಡಿದರು. ನಿಯಮ ಒಂದೇ, ವಸ್ತುವಿನ ಹೆಸರು ಹೇಳಬಾರದು, ದಾರಿಯಲ್ಲಿ ಕಂಡದ್ದರ ಮೇಲೆ ಹೊಸದಾಗಿ ಕಟ್ಟಬೇಕು. ಮಗ ತಡವರಿಸಿ ಅಜ್ಜಿಯ ಸಹಾಯದಿಂದ ಕಟ್ಟಿದ್ದು: "ಹುಲ್ಲು ಮೇಯದೆ ಬೆಳೆದವನು, ಹೆದ್ದಾರಿ ಹುಡುಕಿಕೊಂಡು ಬಂದವನು." ಆಗ ಮಗಳು, ಆವರೆಗೆ ಮಾತೇ ಆಡದಿದ್ದವಳು, ನಾಯಿಯತ್ತ ನೋಡಿ ಕನ್ನಡದಲ್ಲೇ ಅಂದಳು: "ಬುತ್ತಿ ಮೇಲೇ ಕೂತಿದಾನೆ, ತೊಂಬತ್ತು ವರ್ಷದಿಂದ ಉಪವಾಸ!" ಅಮ್ಮ ನಕ್ಕ ನಗುವಿಗೆ ಪಕ್ಕದ ಬೆಂಚಿನ ಸಂಸಾರ ತಿರುಗಿ ನೋಡಿತು.

ಮುಂದೆ ಹೋಲ್‌ಬ್ರೂಕ್. ಈ ಊರಿನ ಮೊದಲ ಹೆಸರು ಜರ್ಮಂಟನ್. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಹೆಸರು ಬೇಡವಾಗಿ, 1915ರಲ್ಲಿ ನಾರ್ಮನ್ ಹೋಲ್‌ಬ್ರೂಕ್ ಎಂಬ ಬ್ರಿಟಿಷ್ ಜಲಾಂತರ್ಗಾಮಿ ಅಧಿಕಾರಿಯ ಹೆಸರಿಟ್ಟರು. ಆ ಹೆಸರಿನ ಋಣಕ್ಕೆ ಅಲ್ಲಿನ ಪಾರ್ಕಿನಲ್ಲಿ ಒಟ್‌ವೇ ಎಂಬ ನಿಜವಾದ ಸಬ್‌ಮೆರೀನಿನ ಮೇಲ್ಭಾಗ ಹುಲ್ಲಿನ ಮೇಲೆ ಮಲಗಿದೆ. ಸಮುದ್ರ ನೂರಾರು ಕಿಲೋಮೀಟರ್ ಆಚೆ! ಮೊದಲು ಹೆದ್ದಾರಿ ಊರಿನ ನಡುವೆಯೇ ಹೋಗುತ್ತಿತ್ತು, ನೋಡದೆ ಹೋಗುವ ಹಾಗೇ ಇರಲಿಲ್ಲ. 2013ರಲ್ಲಿ ಇಲ್ಲಿಗೂ ಬೈಪಾಸ್ ಬಂತು. ಈಗ ಬೇಕೆಂದೇ ತಿರುಗಿ ಊರೊಳಗೆ ಬಂದವರಿಗೆ ಮಾತ್ರ ಅದರ ದರ್ಶನ. ಕಾಫಿಗೆ ಹತ್ತು ನಿಮಿಷ ಎಂದು ಇಳಿದವರು ಒಂದು ಗಂಟೆ ಕೂತೆವು.

ರಾತ್ರಿ ಆಲ್ಬರಿಯಲ್ಲಿ ತಂಗಿದೆವು. ಬೆಳಿಗ್ಗೆ ಅಲ್ಲಿನ ಹಳೆಯ ರೈಲು ನಿಲ್ದಾಣ ನೋಡಲು ಹೋದೆವು. ಪ್ಲಾಟ್‌ಫಾರಂ ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ. ಕಾರಣವಿದೆ. ನ್ಯೂ ಸೌತ್ ವೇಲ್ಸ್‌ನವರು ಹಳಿ ಹಾಕಿದ್ದು ನಾಲ್ಕು ಅಡಿ ಎಂಟೂವರೆ ಇಂಚು ಅಗಲಕ್ಕೆ, ವಿಕ್ಟೋರಿಯಾದವರು ಐದು ಅಡಿ ಮೂರು ಇಂಚಿಗೆ. ಎರಡೂ ಗಡಿಯಲ್ಲಿ ಸಂಧಿಸಿದಾಗ ಒಬ್ಬರ ರೈಲು ಇನ್ನೊಬ್ಬರ ಹಳಿಯ ಮೇಲೆ ಓಡದು! 1962ರಲ್ಲಿ ಮೆಲ್ಬರ್ನ್‌ವರೆಗೆ ಒಂದೇ ಅಳತೆಯ ಹಳಿ ಬರುವ ತನಕ ಪ್ರಯಾಣಿಕರು ಹೊತ್ತಲ್ಲದ ಹೊತ್ತಿನಲ್ಲಿ ಇಳಿದು, ಗಂಟು ಮೂಟೆ ಹೊತ್ತು ಇನ್ನೊಂದು ರೈಲು ಹತ್ತಬೇಕಿತ್ತು. 1895ರಲ್ಲಿ ಈ ದಾರಿಯಲ್ಲಿ ಬಂದ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಇದನ್ನು ತಮ್ಮ ಪ್ರವಾಸದ ಪುಸ್ತಕದಲ್ಲಿ ಚೆನ್ನಾಗಿಯೇ ಗೇಲಿ ಮಾಡಿದ್ದಾರೆ.

ನಾನು ಇದನ್ನೆಲ್ಲ ಮಕ್ಕಳಿಗೆ ವಿವರಿಸುತ್ತಿದ್ದರೆ ಅಮ್ಮ ನಡುವೆ ಬಂದರು. "ಇದೇನು ಮಹಾ! ನಿಮ್ಮ ತಾತ ಜೀವಮಾನ ಮಾಡಿದ್ದೇ ಈ ಕೆಲಸ." ಅಪ್ಪ ಬೆಂಗಳೂರಿನಲ್ಲಿ ರೈಲ್ವೆ ಗೂಡ್ಸ್ ಗುಮಾಸ್ತರಾಗಿದ್ದರು. ಆಗ ಮೈಸೂರಿನ ಕಡೆಯಿಂದ ಬರುವುದು ಮೀಟರ್ ಗೇಜು, ಮದ್ರಾಸಿಗೆ ಹೋಗುವುದು ಬ್ರಾಡ್ ಗೇಜು. ಒಂದರಿಂದ ಇಳಿಸಿ ಇನ್ನೊಂದಕ್ಕೆ ತುಂಬುವ ಸರಕಿನ ಲೆಕ್ಕವೆಲ್ಲ ಅಪ್ಪನ ಕೈಯಲ್ಲಿ. ಬೆಂಗಳೂರು–ಮೈಸೂರು ಹಳಿ ಅಗಲವಾದದ್ದು 1990ರ ದಶಕದಲ್ಲಿ, ಅಷ್ಟರಲ್ಲಿ ಅಪ್ಪ ನಿವೃತ್ತರಾಗಿದ್ದರು. ಮಾವಿನ ಕಾಲದಲ್ಲಿ ಬುಟ್ಟಿಗಳು ಯಾರ್ಡಿನಲ್ಲೇ ಹಣ್ಣಾಗಿ, ಸಂಜೆ ಅಪ್ಪನ ಅಂಗಿಯೆಲ್ಲ ಮಾವಿನ ವಾಸನೆ ಬರುತ್ತಿತ್ತಂತೆ. ಇದು ನನಗೂ ಹೊಸ ಸುದ್ದಿ! ನನ್ನ ಮಕ್ಕಳಿಗೆ ತಾತ ಎಂದರೆ ಹಾಲ್‌ನ ಗೋಡೆಯ ಮೇಲೆ ಗಂಧದ ಹಾರ ಹಾಕಿದ ಫೋಟೋ, ಅಷ್ಟೇ. ಆಲ್ಬರಿಯ ಆ ಪ್ಲಾಟ್‌ಫಾರಂನಲ್ಲಿ ಅವರಿಗೆ ಮಾವಿನ ವಾಸನೆಯ ತಾತ ಸಿಕ್ಕರು. ಮಗಳು ಫೋನು ಜೇಬಿಗೆ ಹಾಕಿ, "ಆಮೇಲೆ ಅಜ್ಜಿ?" ಎಂದು ಕೇಳಿದಳು. ಆಮೇಲೆ, ಆಮೇಲೆ ಎಂದು ಮರ್ರೆ ನದಿ ದಾಟುವ ತನಕ ಕೇಳಿದಳು.

ಗ್ಲೆನ್‌ರೋವನ್‌ನಲ್ಲಿ ನೆಡ್ ಕೆಲ್ಲಿಯ ಆಳೆತ್ತರಕ್ಕೂ ಮೀರಿದ ವಿಗ್ರಹ. 1880ರಲ್ಲಿ ನೇಗಿಲಿನ ಕಬ್ಬಿಣದಿಂದ ಕವಚ ಮಾಡಿಸಿಕೊಂಡು ಪೊಲೀಸರ ಜೊತೆ ಗುಂಡಿನ ಕಾಳಗಕ್ಕೆ ನಿಂತ ದರೋಡೆಕೋರ. "ಕಳ್ಳನಿಗೆ ಇಷ್ಟು ದೊಡ್ಡ ವಿಗ್ರಹವೇ?" ಎಂದು ಅಮ್ಮ ಕೆನ್ನೆಗೆ ಕೈ ಹಚ್ಚಿದರು. ಆದರೂ ಮೆಲ್ಬರ್ನ್‌ನಲ್ಲಿ ಸ್ಟೇಟ್ ಲೈಬ್ರರಿಗೆ ಹೋದಾಗ ಅಲ್ಲಿಟ್ಟಿರುವ ನಿಜವಾದ ಕವಚದ ಎದುರು ಹೆಚ್ಚು ಹೊತ್ತು ನಿಂತವರು ಅವರೇ. ಆ ಲೈಬ್ರರಿ 1856ರಲ್ಲಿ ತೆರೆದದ್ದು. 1913ರಲ್ಲಿ ಸಿದ್ಧವಾದ ಅದರ ಗುಮ್ಮಟದ ವಾಚನಾಲಯ ನೋಡಲೇಬೇಕಾದ ಜಾಗ, ದುಡ್ಡೂ ಕೊಡಬೇಕಿಲ್ಲ. ಮೆಲ್ಬರ್ನ್‌ನ ಮಿಕ್ಕ ವಿಷಯ ಬರೆಯುವುದಿಲ್ಲ. ಒಂದೇ ದಿನ ಮಳೆ, ಬಿಸಿಲು, ಚಳಿ ಮೂರೂ ಆಯಿತು ಎಂದಷ್ಟೇ ಹೇಳಿ ಸಿಡ್ನಿಯವನಾಗಿ ಬಾಯಿ ಮುಚ್ಚಿಕೊಳ್ಳುತ್ತೇನೆ.

ಅಮ್ಮ ಈಗ ಮೈಸೂರಿಗೆ ಹಿಂತಿರುಗಿದ್ದಾರೆ. ಬೆಂಗಳೂರಿನಿಂದ ಹೋದದ್ದು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ. "ಭರ್ರಂತ ಹೋದ್ವಪ್ಪ. ಚನ್ನಪಟ್ಟಣ ಯಾವಾಗ ಹೋಯ್ತು, ಮದ್ದೂರು ಯಾವಾಗ ಹೋಯ್ತು ಗೊತ್ತೇ ಆಗ್ಲಿಲ್ಲ. ವಡೆನೂ ಇಲ್ಲ, ಏನೂ ಇಲ್ಲ" ಎಂದು ಫೋನಿನಲ್ಲಿ ಹೇಳಿದರು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಅರಗು ಬಣ್ಣದ ಗೊಂಬೆ, ಮದ್ದೂರು ವಡೆ, ಎಲ್ಲವನ್ನೂ ಆ ರಸ್ತೆ ಪಕ್ಕಕ್ಕೆ ಬಿಟ್ಟಿದೆ. ವ್ಯಾಪಾರ ಇಳಿಯಿತೆಂದು ಅಂಗಡಿಯವರು ಹೇಳಿಕೊಂಡದ್ದು ಪತ್ರಿಕೆಗಳಲ್ಲೂ ಬಂದಿತ್ತು. ಹೆದ್ದಾರಿ ಬೇಡ ಎನ್ನಲು ನನಗೇನೂ ಹುಚ್ಚಿಲ್ಲ, ಆಂಬುಲೆನ್ಸಿಗೂ ಅವಸರದವರಿಗೂ ಅದು ಬೇಕು. ಆದರೆ ಊರು ಅಲ್ಲೇ ಇದೆ, ವಡೆಯೂ ಅಲ್ಲೇ ಕರಿಯುತ್ತಿದೆ. ತಿರುಗಬೇಕಾದವರು ನಾವು.

ನಮ್ಮ ಮನೆಗಳ ಕನ್ನಡವೂ ಹೀಗೇ ಅಲ್ಲವೇ? ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ಸಂಘದ ಪ್ರತಿ ಸಭೆಯಲ್ಲಿ ಚರ್ಚೆಯಾಗುತ್ತದೆ. ಕನ್ನಡ ಶಾಲೆಗಳು ಬೇಕು, ಅಲ್ಲಿ ಶನಿವಾರ ಭಾನುವಾರ ದುಡಿಯುವವರಿಗೆ ಕೈಮುಗಿಯಬೇಕು. ಆದರೆ ಬುತ್ತಿ, ಓತಿ, ಹುಚ್ಚೆಳ್ಳು ಇಂಥ ಪದಗಳು ಬರುವುದು ಏನೂ ಕೆಲಸವಿಲ್ಲದ ಹೊತ್ತಿನಲ್ಲಿ. ಹರಟೆಗೆ ಬಿಡುವು ಬೇಕು. ಬಿಡುವು ತಾನಾಗಿ ಸಿಗುವುದಿಲ್ಲ, ಇಂಡಿಕೇಟರ್ ಹಾಕಿ ಹೆದ್ದಾರಿಯಿಂದ ಇಳಿಯಬೇಕು. ಮೆಲ್ಬರ್ನ್‌ವರೆಗೆ ಹೋಗಬೇಕೆಂದೇನೂ ಇಲ್ಲ. ಭಾನುವಾರ ಒಂದು ಡಬ್ಬಿ ಚಿತ್ರಾನ್ನ, ಒಂದು ಕನ್ನಡ ಪುಸ್ತಕ, ಹತ್ತಿರದ ಪಾರ್ಕು, ಸಾಕು. ಓದುವವರು ಅಜ್ಜಿಯಾದರೆ ಇನ್ನೂ ಚೆನ್ನ.

'ಕರ್ವಾಲೊ' ಹೋಗುತ್ತಾ ಬರುತ್ತಾ ಓದಿದರೂ ಮುಗಿದಿಲ್ಲ. ಒಗಟಿಗೇ ಅರ್ಧ ದಾರಿ ಹೋಯಿತು. ಈಗ ಭಾನುವಾರ ಸಂಜೆ ಏಳಕ್ಕೆ, ಅಲ್ಲಿ ಅಮ್ಮನ ಊಟವಾದ ಮೇಲೆ, ವಾಟ್ಸಾಪಿನಲ್ಲಿ ಕಾಲು ಗಂಟೆ ಓದು. ಇನ್ನೂ ಸುಮಾರು ಮೂವತ್ತು ಪುಟ ಬಾಕಿಯಿದೆ. ಮಗಳಿಗೆ ಪರೀಕ್ಷೆ ಹತ್ತಿರ ಬರುತ್ತಿದೆ, ಎರಡು ವಾರದಲ್ಲಿ ಒಂದು ಸಲ ತಪ್ಪಿಸಿಕೊಂಡಳು. ಮುಗಿಯುತ್ತದೋ ನೋಡಬೇಕು.

ಕೊನೆಗೆ, ಅಮ್ಮ ಆ ದಾರಿಯಲ್ಲಿ ಕಟ್ಟಿದ ಒಗಟೊಂದನ್ನು ನಿಮ್ಮ ಮನೆಯ ಮಕ್ಕಳಿಗೆ ಬಿಟ್ಟಿದ್ದೇನೆ: "ಉಳುವ ಕಬ್ಬಿಣ ಉಟ್ಟವನು, ಹೊಲದ ಕಡೆ ಹೋಗದವನು. ಯಾರು?" ಉತ್ತರ ಈ ಹರಟೆಯಲ್ಲೇ ಇದೆ. ಸಂಘದ ಹಬ್ಬದೂಟದ ಸಾಲಿನಲ್ಲಿ ನಾನು ಸಿಕ್ಕಾಗ ಮಕ್ಕಳು ಬಂದು ಹೇಳಲಿ, ಕನ್ನಡದಲ್ಲೇ. ಹೇಳಿದವರಿಗೆ ನನ್ನ ಎಲೆಯ ಹೋಳಿಗೆ!

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು.