ಬೋರ್ಡಿಗೆ ಕನ್ನಡ ಬಂತು, ಸ್ಕಾಲರ್‌ಶಿಪ್ಪಿಗೆ ಯಾವಾಗ?

ರಿಚರ್ಡ್ಸ್ ಟೌನಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಮದುವೆ ಕಾರ್ಡು, ಬಿಲ್ ಬುಕ್ಕು, ಶಾಲೆಗಳ ಡೈರಿ, ಚರ್ಚಿನ ಹಬ್ಬದ ಕರಪತ್ರ, ಇಷ್ಟರಲ್ಲೇ ಹೊಟ್ಟೆ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಇನ್ನೊಂದು ಬಾಬ್ತು ಸೇರಿಕೊಂಡಿದೆ. ಮಕ್ಕಳನ್ನು ಫಾರಿನ್ನಿಗೆ ಕಳಿಸುವ ಕನ್ಸಲ್ಟೆನ್ಸಿಗಳ ಕರಪತ್ರ. ಆರ್ಟ್ ಪೇಪರ್, ನಾಲ್ಕು ಬಣ್ಣ, ಕಪ್ಪು ಗೌನು, ಚೌಕ ಟೋಪಿ ಹಾಕಿಕೊಂಡು ನಗುವ ಹುಡುಗಿ. ಅವಳ ತಲೆಯ ಮೇಲೆ ದಪ್ಪಕ್ಷರದಲ್ಲಿ ‘100 ಪರ್ಸೆಂಟ್ ಸ್ಕಾಲರ್‌ಶಿಪ್’. ಪಕ್ಕದಲ್ಲೊಂದು ಪುಟಾಣಿ ನಕ್ಷತ್ರ. ಆ ನಕ್ಷತ್ರದ ಅರ್ಥ ಕೆಳಗೆ 6 ಪಾಯಿಂಟ್ ಅಕ್ಷರದಲ್ಲಿ ಇರುತ್ತದೆ. 6 ಪಾಯಿಂಟ್ ಅಂದರೆ ಇರುವೆ ಸಾಲು. ಪ್ರೂಫ್ ನೋಡುವ ನನಗೇ ಕನ್ನಡಕ ಬೇಕು. ಇನ್ನು ಮಗಳನ್ನು ಕಳಿಸುವ ಅಪ್ಪ ಅದನ್ನು ಓದುತ್ತಾನೆಯೇ?

ಮುಚ್ಚುಮರೆ ಏಕೆ, ಆ ದುಡ್ಡು ನಾನೂ ತಿಂದಿದ್ದೇನೆ. ಆದ್ದರಿಂದಲೇ ಬರೆಯುತ್ತಿದ್ದೇನೆ.

2024ರಲ್ಲಿ ಕಾನೂನು ತಿದ್ದುಪಡಿಯಾಗಿ ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಕಡ್ಡಾಯವಾಯಿತು. ಅದು ಸುಮ್ಮನೆ ಆದದ್ದಲ್ಲ. 2023ರ ಡಿಸೆಂಬರಿನಲ್ಲಿ ನಮ್ಮ ಹುಡುಗರು ಬೀದಿಗಿಳಿದು ಜೈಲು ಕಂಡ ಮೇಲೆ ಆದದ್ದು. ಈಗ ಕನ್ಸಲ್ಟೆನ್ಸಿಗಳ ಬಾಗಿಲ ಮೇಲೂ ಕನ್ನಡ ಹೊಳೆಯುತ್ತಿದೆ. ಸಂತೋಷ. ಆದರೆ ಒಳಗೆ ಹೋಗಿ ಕೂತು ನೋಡಿ. ಅರ್ಜಿ ಇಂಗ್ಲಿಷು, ಕರಾರು ಇಂಗ್ಲಿಷು, ಸಾಲದ ಪತ್ರ ಇಂಗ್ಲಿಷು. ಸಹಿ ಹಾಕುವ ಅಪ್ಪ ಮಾತ್ರ ಕನ್ನಡದವನು!

ನನ್ನ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಅಣ್ಣ ಒಬ್ಬರಿದ್ದಾರೆ. ಲಿಂಗರಾಜಪುರದಿಂದ ಬರುತ್ತಾರೆ. ಪರಿಶಿಷ್ಟ ಜಾತಿಯವರು. ಮಗಳು ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಓದಿ ಒಳ್ಳೆ ಮಾರ್ಕ್ಸ್ ತೆಗೆದವಳು. ಎರಡು ವರ್ಷದ ಹಿಂದೆ ಅವಳಿಗೆ ಇಂಗ್ಲೆಂಡಿನಲ್ಲಿ ಎಂಎಸ್ಸಿ ಸೀಟು ಕೊಡಿಸಿದ್ದು ನಾನೇ ಕರಪತ್ರ ಅಚ್ಚು ಹಾಕಿಕೊಟ್ಟಿದ್ದ ಒಂದು ಕನ್ಸಲ್ಟೆನ್ಸಿ. ಸೀಟು ಹಿಡಿದಿಡಲು ಒಂದೂವರೆ ಲಕ್ಷ ಕಟ್ಟಿಸಿಕೊಂಡರು. ಉಳಿದದ್ದಕ್ಕೆ ಸಾಲ ಮಾಡಿ ಅಂದರು. ಬ್ಯಾಂಕಿನವರು ಅಡಮಾನಕ್ಕೆ ಏನಿದೆ ಅಂತ ಕೇಳಿದರು. ಕೆ.ಆರ್.ಪುರದ ಆಚೆ ಒಂದು 20-30 ಸೈಟಿತ್ತು, ಬಿ ಖಾತಾ. ಬ್ಯಾಂಕು ಅದನ್ನು ಮುಟ್ಟಲಿಲ್ಲ. ‘ಚಿಂತೆ ಬೇಡ, ನಮಗೆ ಗೊತ್ತಿರೋ ಫೈನಾನ್ಸ್ ಇದೆ’ ಅಂದ ಕನ್ಸಲ್ಟೆನ್ಸಿ ಹುಡುಗ. ಬಡ್ಡಿ 13 ಪರ್ಸೆಂಟ್.

‘ಓನರೇ, ಇದರಲ್ಲಿ ಏನು ಬರೆದಿದೆ ಸ್ವಲ್ಪ ಓದಿ ಹೇಳಿ’ ಅಂತ ಅಣ್ಣ ಆ ಕಾಗದದ ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟರು. ನಾನು ಪಿಯುಸಿ ಮುಗಿಸಿ ಮೆಷಿನ್ ಹಿಡಿದವನು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಎರಡು ರಾತ್ರಿ ಓದಿದೆ. ಮನೆ ಮಾರಿದರೂ ತೀರದ ಲೆಕ್ಕ ಅದು. ಸರ್ಕಾರದ್ದು ಏನೂ ಇಲ್ಲವೇ ಅಂತ ಕನ್ಸಲ್ಟೆನ್ಸಿಗೆ ಫೋನ್ ಮಾಡಿದೆ. ‘ಅದೆಲ್ಲ ನಮಗೆ ಗೊತ್ತಿಲ್ಲ ಸಾರ್’ ಅಂದರು. ಕಡೆಗೆ ನೋಟ್ಸ್ ಅಚ್ಚು ಹಾಕಿಸಲು ಬಂದ ಒಬ್ಬ ಲೆಕ್ಚರರು ಹೇಳಿದರು, ಇದೆ, ಅವಳಂಥವಳಿಗೆಂದೇ ಇದೆ, ಆದರೆ ಕೊನೆಯ ದಿನ ಕಳೆದು ಎರಡು ತಿಂಗಳಾಯಿತು ಅಂತ. ಇನ್ನೊಂದು ಮಾತನ್ನೂ ಹೇಳಿದರು. ಆ ಹುಡುಗಿಗೆ ಕೊಡಿಸಿದ ಯೂನಿವರ್ಸಿಟಿ ಸರ್ಕಾರದ ಪಟ್ಟಿಯಲ್ಲೇ ಬರುವುದಿಲ್ಲ, ಮೊದಲೇ ಅರ್ಜಿ ಹಾಕಿದ್ದರೂ ಸಿಗುತ್ತಿರಲಿಲ್ಲ!

ಅವಳು ಹೋಗಲಿಲ್ಲ. ಒಂದೂವರೆ ಲಕ್ಷದಲ್ಲಿ ಒಂದು ರೂಪಾಯಿ ವಾಪಸು ಬರಲಿಲ್ಲ. ಅದಕ್ಕೂ ಒಂದು ನಕ್ಷತ್ರವಿತ್ತು.

ಗೆಳೆಯರೇ, ಈ ವ್ಯಾಪಾರದ ಒಳಗುಟ್ಟು ಕೇಳಿ. ಕನ್ಸಲ್ಟೆನ್ಸಿ ನಿಮಗೆ ‘ಫ್ರೀ ಕೌನ್ಸೆಲಿಂಗ್’ ಕೊಡುತ್ತದೆ. ಹಾಗಾದರೆ ಅವರ ಬಾಡಿಗೆ ಕಟ್ಟುವವರು ಯಾರು? ಕಾಲೇಜು. ನೀವು ಕಟ್ಟುವ ಫೀಜಿನಲ್ಲಿ ಇಂತಿಷ್ಟು ಅಂತ ಕಮಿಷನ್. ಫೀಜು ಹೆಚ್ಚಿದಷ್ಟೂ ಕಮಿಷನ್ ಹೆಚ್ಚು. ಫೀಜೇ ಇಲ್ಲದ ಕಡೆ ಕಮಿಷನ್ ಎಲ್ಲಿಂದ ಬರಬೇಕು? ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ಪ್ರಾಂತ್ಯದಲ್ಲಿ ಮಾತ್ರ 2017ರಿಂದ ನಮ್ಮಂಥವರಿಗೆ ಆರು ತಿಂಗಳಿಗೆ 1,500 ಯೂರೋ, ಬೇರೆ ಒಂದೆರಡು ಕಡೆಯೂ ಈಗ ಶುರುವಾಗಿದೆ. ಊಟ ವಸತಿಗೆ ವರ್ಷಕ್ಕೆ 11,904 ಯೂರೋ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕು, ಅದು ಚಿಕ್ಕ ದುಡ್ಡಲ್ಲ, ಆದರೆ ಅದು ನಿಮ್ಮದೇ ದುಡ್ಡು, ತಿಂಗಳು ತಿಂಗಳು ನಿಮಗೇ ವಾಪಸು ಬರುತ್ತದೆ. ಜರ್ಮನ್ ಭಾಷೆ ಕಲಿಯಬೇಕೆಂದರೆ ಇಂದಿರಾನಗರದಲ್ಲೇ ಮ್ಯಾಕ್ಸ್ ಮುಲ್ಲರ್ ಭವನವಿದೆ. ಕಿಟೆಲ್ ಸಾಹೇಬರು ಜರ್ಮನಿಯಿಂದ ಬಂದು ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟು ಹೋದರಲ್ಲ, ನಮಗೆ ಅವರ ಭಾಷೆಯಲ್ಲಿ ನಾಲ್ಕು ಮಾತು ಬರದೇ?

ಅಮೆರಿಕದ ವಿಷಯವೂ ಹೀಗೇ. ಅಲ್ಲಿ ಎಂಎಸ್‌ಗೆ ಕೈಯಿಂದ ಕಟ್ಟಬೇಕು. ಪಿಎಚ್‌ಡಿಗೆ ಸೇರಿದರೆ ಸಾಮಾನ್ಯವಾಗಿ ಫೀಜು ಮಾಫಿ, ಮೇಲೆ ತಿಂಗಳ ಸಂಬಳ. 2025ರಿಂದ ಅಲ್ಲಿಯೂ ಸಂಶೋಧನೆಯ ದುಡ್ಡಿಗೆ ಕತ್ತರಿ ಬಿದ್ದು ಸೀಟು ಕಡಿಮೆಯಾಗಿದೆ, ನಿಜ. ಆದರೂ ಪಿಎಚ್‌ಡಿ ಅನ್ನುವ ಮೂರಕ್ಷರ ಇದುವರೆಗೆ ನನ್ನ ಮೆಷಿನ್ನಿನಲ್ಲಿ ಅಚ್ಚಾದ ಒಂದು ಕರಪತ್ರದಲ್ಲೂ ಇಲ್ಲ.

ಇನ್ನು ಸರ್ಕಾರದ ದುಡ್ಡು. ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆಯ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ 1954-55ರಿಂದ ಇದೆ. ಪರಿಶಿಷ್ಟ ಜಾತಿ, ಅಲೆಮಾರಿಗಳು, ಭೂಮಿಯಿಲ್ಲದ ಕೂಲಿಕಾರರು, ಕುಶಲಕರ್ಮಿಗಳ ಮಕ್ಕಳಿಗೆ ವರ್ಷಕ್ಕೆ 125. ಫೀಜು, ವಿಮಾನದ ಟಿಕೆಟ್ಟು, ವೀಸಾ, ಜೊತೆಗೆ ಖರ್ಚಿಗೆ ಅಮೆರಿಕದಲ್ಲಾದರೆ ವರ್ಷಕ್ಕೆ 15,400 ಡಾಲರ್, ಇಂಗ್ಲೆಂಡಿನಲ್ಲಾದರೆ 9,900 ಪೌಂಡ್. ಮನೆಯ ಆದಾಯ 8 ಲಕ್ಷ ದಾಟಬಾರದು, ವಯಸ್ಸು 35ರ ಒಳಗಿರಬೇಕು, ಡಿಗ್ರಿಯಲ್ಲಿ 60 ಪರ್ಸೆಂಟ್ ಬೇಕು, ಯೂನಿವರ್ಸಿಟಿ ಕ್ಯೂಎಸ್ ಪಟ್ಟಿಯ ಮೊದಲ 500ರಲ್ಲಿರಬೇಕು. ಪರಿಶಿಷ್ಟ ಪಂಗಡಕ್ಕೆ ಬುಡಕಟ್ಟು ಇಲಾಖೆಯದು ಬೇರೆ ಇದೆ, ಇಡೀ ದೇಶಕ್ಕೆ 20! ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಎಸ್‌ಸಿ ಎಸ್‌ಟಿ ಮಕ್ಕಳಿಗೆ ಆದಾಯ ನೋಡಿ ನೆರವು ಕೊಡುತ್ತದೆ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದಲ್ಲಿ ವಿದೇಶಿ ವ್ಯಾಸಂಗಕ್ಕೆ ಬಡ್ಡಿಯಿಲ್ಲದ ಸಾಲವಿದೆ. ಅಲ್ಪಸಂಖ್ಯಾತರಿಗೆ ಅವರ ನಿಗಮವಿದೆ. ಇದನ್ನು ಫ್ರೇಜರ್ ಟೌನ್, ಶಿವಾಜಿನಗರದ ಹುಡುಗರು ಸರಿಯಾಗಿ ಕೇಳಿಸಿಕೊಳ್ಳಬೇಕು, ಏಕೆಂದರೆ ಬಡ್ಡಿಗೆ ನೆರವಾಗುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ 2022-23ರಿಂದ ನಿಂತುಹೋಗಿದೆ. ಯಾವ ಜಾತಿ ಮತದವರಾದರೂ ಹಾಕಬಹುದಾದದ್ದು ರೋಡ್ಸ್, ಚೀವನಿಂಗ್, ಕಾಮನ್‌ವೆಲ್ತ್, ಫುಲ್‌ಬ್ರೈಟ್-ನೆಹರೂ, ಇನ್‌ಲಾಕ್ಸ್. 1892ರಿಂದ ನಡೆದುಬಂದಿರುವ ಜೆ.ಎನ್.ಟಾಟಾ ದತ್ತಿಯೂ ಇದೆ, ಆದರೆ ಅದು ಸಾಲ, ತೀರಿಸಬೇಕು. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಸಾಲವನ್ನು ನಂಬಿ ಕೂರಬೇಡಿ, ಅದು ದೇಶದೊಳಗಿನ ಕಾಲೇಜುಗಳಿಗೆ ಮಾತ್ರ.

ಇಷ್ಟೆಲ್ಲ ಇದ್ದೂ ನಮ್ಮ ಬೈಂಡರ್ ಅಣ್ಣನಿಗೆ ಏಕೆ ಗೊತ್ತಾಗಲಿಲ್ಲ? ಕೇಂದ್ರದ ಅಧಿಸೂಚನೆ ಹಿಂದಿಯಲ್ಲಿ ಬರುತ್ತದೆ, ಇಂಗ್ಲಿಷಿನಲ್ಲಿ ಬರುತ್ತದೆ. ಕನ್ನಡದವನು ತೆರಿಗೆ ಕಟ್ಟುವುದು ಯಾವ ಭಾಷೆಯಲ್ಲಿ ಸ್ವಾಮಿ?

ದುಡ್ಡು ಕೊಟ್ಟು ಓದಲು ಕಳಿಸುವುದು ನಮಗೆ ಹೊಸದೇನಲ್ಲ. ನಾವಿರುವ ಈ ಟೌನುಗಳು 1898ರ ಪ್ಲೇಗಿನ ನಂತರ ಎದ್ದವು. ಆ ಪ್ಲೇಗಿನಲ್ಲಿ ಬೆಂಗಳೂರಿನಲ್ಲಿ ದುಡಿದ ಡಾಕ್ಟರ್ ಪಲ್ಪು ಅವರಿಗೆ ತಿರುವಾಂಕೂರಿನಲ್ಲಿ ಜಾತಿಯ ಕಾರಣಕ್ಕೆ ಕೆಲಸ ಸಿಕ್ಕಿರಲಿಲ್ಲ. ಕೆಲಸ ಕೊಟ್ಟು, ಮುಂದೆ ಇಂಗ್ಲೆಂಡಿಗೆ ಓದಲು ಕಳಿಸಿದ್ದು ನಮ್ಮ ಮೈಸೂರು ಸಂಸ್ಥಾನ. ಬಾಬಾಸಾಹೇಬರು 1913ರಲ್ಲಿ ಅಮೆರಿಕಕ್ಕೆ ಹೋದದ್ದು ಬರೋಡ ಮಹಾರಾಜರು ತಿಂಗಳಿಗೆ ಕೊಟ್ಟ ಹನ್ನೊಂದೂವರೆ ಪೌಂಡಿನಲ್ಲಿ.

ಫಾರಿನ್ನಿಗೆ ಹೋದವನು ಕನ್ನಡ ಮರೆಯುತ್ತಾನೆ ಅನ್ನುವವರು ನಮ್ಮಲ್ಲೇ ಇದ್ದಾರೆ. ಅವರಿಗೆ ಮೂರು ಹೆಸರು ಹೇಳುತ್ತೇನೆ. ಎ.ಕೆ.ರಾಮಾನುಜನ್ ಫುಲ್‌ಬ್ರೈಟ್ ಪಡೆದು ಇಂಡಿಯಾನಾಕ್ಕೆ ಹೋದರು, ನಮ್ಮ ವಚನಗಳನ್ನು ಜಗತ್ತು ಓದುವಂತೆ ಮಾಡಿದರು. ಗಿರೀಶ ಕಾರ್ನಾಡರು ರೋಡ್ಸ್ ಸ್ಕಾಲರ್‌ಶಿಪ್ಪಿನಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ತಯಾರಿಯಲ್ಲಿದ್ದಾಗಲೇ ‘ಯಯಾತಿ’ ಬರೆದರು, ಅದೂ ಕನ್ನಡದಲ್ಲಿ. ಅನಂತಮೂರ್ತಿಯವರು ಕಾಮನ್‌ವೆಲ್ತ್ ದುಡ್ಡಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕೂತು ‘ಸಂಸ್ಕಾರ’ ಬರೆದರು.

ಈಗ ಕೇಳಿ. 2022ರಲ್ಲಿ ಕೇಂದ್ರ ತನ್ನ ಓವರ್‌ಸೀಸ್ ಸ್ಕಾಲರ್‌ಶಿಪ್ಪಿಗೆ ಹೊಸ ನಿಯಮ ಹಾಕಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗ್ಗೆ ಸಂಶೋಧನೆ ಮಾಡುವವರಿಗೆ ಈ ದುಡ್ಡಿಲ್ಲ ಅಂತ. ಅಂದರೆ ಕೋಲಾರದ ಒಬ್ಬ ದಲಿತ ಹುಡುಗಿ ಈ ನೆರವಿನಲ್ಲಿ ಕಂಪ್ಯೂಟರ್ ಓದಬಹುದು, ತನ್ನ ಊರಿನ ಶಾಸನ ಓದುವ ಹಾಗಿಲ್ಲ, ತನ್ನ ಜನ ಏಕೆ ಊರಾಚೆ ಇದ್ದಾರೆ ಅಂತ ಕೇಳುವ ಹಾಗಿಲ್ಲ. ಇದಕ್ಕಿಂತ ದೊಡ್ಡ ಮಸಿ ಯಾವ ಬೋರ್ಡಿಗೆ ಬಳಿದಾರು? ಇದರ ಬಗ್ಗೆ ನಮ್ಮ ಸಂಸದರಲ್ಲಿ ಯಾರು ಬಾಯಿ ಬಿಟ್ಟರು ಅಂತ ನಿಮ್ಮ ನಿಮ್ಮ ಕ್ಷೇತ್ರದಲ್ಲಿ ಕೇಳಿ. 2025ರಲ್ಲಂತೂ 106 ಜನರನ್ನು ಆರಿಸಿ, ದುಡ್ಡಿಲ್ಲವೆಂದು ಮೊದಲು 40 ಜನಕ್ಕೆ ಮಾತ್ರ ಪತ್ರ ಕೊಟ್ಟರು. ಉಳಿದವರ ಮನೆಯಲ್ಲಿ ಆ ದಿನಗಳು ಹೇಗೆ ಕಳೆದಿರಬೇಕು, ನನ್ನ ಬೈಂಡಿಂಗ್ ಮೇಜಿನ ಮುಂದೆ ಕೂತವರನ್ನು ನೋಡಿದ್ದರಿಂದ ನನಗೆ ಗೊತ್ತು.

ಸಂಘಟನೆಯ ಹುಡುಗರಿಗೆ ನನ್ನದೊಂದು ಬೇಡಿಕೆ. ನವೆಂಬರಿನಲ್ಲಿ ಆರ್ಕೆಸ್ಟ್ರಾ ಮಾಡಿ, ಬೇಡ ಅನ್ನುವುದಿಲ್ಲ. ಅದರ ಪಕ್ಕದಲ್ಲಿ ಒಂದು ಮೇಜು ಹಾಕಿ. ಡಿಗ್ರಿ ಕಾಲೇಜಿನ ಎರಡನೇ ವರ್ಷದ ಮಕ್ಕಳನ್ನು ಕರೆಯಿರಿ, ಕೊನೆಯ ವರ್ಷಕ್ಕೆ ಬಂದ ಮೇಲೆ ತಡವಾಯಿತು. ಜಾತಿ ಆದಾಯ ಪತ್ರ, ಪಾಸ್‌ಪೋರ್ಟು, ಐಇಎಲ್‌ಟಿಎಸ್, ಎಲ್ಲಕ್ಕೂ ಒಂದು ವರ್ಷ ಮೊದಲೇ ಓಡಾಡಬೇಕು. ಇಂಗ್ಲಿಷಿಗೆ ಹೆದರಬೇಡಿ, ಅದು ಮೂರು ಗಂಟೆಯೊಳಗಿನ ಪರೀಕ್ಷೆ, ಅಷ್ಟೇ. ಯಾವ ಯೋಜನೆ, ಯಾವ ತಿಂಗಳು, ಯಾವ ಕಚೇರಿ, ಏನೇನು ಕಾಗದ, ಇಷ್ಟನ್ನು ಕನ್ನಡದಲ್ಲಿ ಒಂದು ಕರಪತ್ರ ಮಾಡೋಣ. ಕಾಗದದ ಖರ್ಚು ನೀವು ಹೊಂದಿಸಿ, ಪ್ಲೇಟು ಮುದ್ರಣ ನನ್ನದು. ಮಡಚಿ ಕಟ್ಟು ಹಾಕಿಕೊಡುವುದಾಗಿ ಬೈಂಡರ್ ಅಣ್ಣ ಒಪ್ಪಿದ್ದಾರೆ, ಅವರ ಮಗಳು ಪ್ರೂಫ್ ನೋಡುತ್ತಾಳೆ. ಅಕ್ಷರ 12 ಪಾಯಿಂಟಿಗಿಂತ ಚಿಕ್ಕದಿರುವುದಿಲ್ಲ, ನಕ್ಷತ್ರ ಒಂದೂ ಇರುವುದಿಲ್ಲ.