ಕೆಂಡಕ್ಕೂ ಕಿಟಕಿ ಬೇಕು

ಮಕ್ಕಳೇ, ಈ ವಾರ ನಿಮ್ಮ ಮನೆಯಲ್ಲೂ ಕಪಾಟಿನ ತಳದಿಂದ ಸ್ವೆಟರು, ಟೊಪ್ಪಿ, ಮಫ್ಲರುಗಳು ಹೊರಗೆ ಬಂದಿರಬೇಕು. ಬೀದರಿನಲ್ಲಿ, ವಿಜಯಪುರದಲ್ಲಿ ಬೆಳಗಿನ ಹೊತ್ತು ಹಲ್ಲು ಕಟಕಟ ಎನ್ನುತ್ತದೆ. ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಮಂಜು ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆ. ಶಿವರಾತ್ರಿಯ ದಿನ ಚಳಿ ‘ಶಿವ ಶಿವಾ’ ಎನ್ನುತ್ತ ಓಡಿಹೋಗುತ್ತದೆಂದು ಹಿರಿಯರು ಹೇಳುತ್ತಾರೆ. ಅಲ್ಲಿಯವರೆಗೆ ನಾವು ಬೆಚ್ಚಗಿರುವ ದಾರಿ ಹುಡುಕಿಕೊಳ್ಳಬೇಕಷ್ಟೆ.

ನಾನು ಬೆಳೆದದ್ದು ಮಲೆನಾಡಿನ ಹೆಂಚಿನ ಮನೆಯಲ್ಲಿ. ಬಚ್ಚಲುಮನೆಯಲ್ಲಿ ದೊಡ್ಡ ತಾಮ್ರದ ಹಂಡೆ, ಅದರ ಕೆಳಗೆ ಒಲೆ. ಚಳಿಗಾಲದಲ್ಲಿ ನಮಗೆ ಅದೇ ದರ್ಬಾರು. ಹಲ್ಲುಜ್ಜುವುದು, ಕಾಫಿ ಕುಡಿಯುವುದು, ಕೆಂಡದಲ್ಲಿ ಗೆಣಸು ಸುಡುವುದು, ಕೆಲವೊಮ್ಮೆ ಮಗ್ಗಿ ಒಪ್ಪಿಸುವುದು ಕೂಡ ಒಲೆಯ ಮುಂದೆಯೇ. ರಾತ್ರಿಯಾದರೆ ಅಜ್ಜನ ಮಂಚದ ಪಕ್ಕ ಕೆಂಡ ತುಂಬಿದ ಅಗ್ಗಿಷ್ಟಿಕೆ ಇರುತ್ತಿತ್ತು.

ಹೊಗೆಗೆ ಅಮ್ಮನ ಕಣ್ಣು ಕೆಂಪಾಗುತ್ತಿತ್ತು, ಅಜ್ಜ ಕೆಮ್ಮುತ್ತಿದ್ದರು. ಆದರೂ ಯಾರಿಗೂ ಉಸಿರು ಕಟ್ಟಲಿಲ್ಲ. ಅದಕ್ಕೆ ಕಾರಣ ನಮ್ಮ ಜಾಣತನವಲ್ಲ, ಆ ಮನೆಯದು. ಹೆಂಚುಗಳ ನಡುವೆ ಸಂದು, ಗೋಡೆಯ ಮೇಲೆ ಗವಾಕ್ಷಿ, ಬಾಗಿಲ ಕೆಳಗೆ ಬೆರಳು ತೂರುವಷ್ಟು ಜಾಗ. ಮನೆಯೇ ಹಗಲೂ ರಾತ್ರಿ ಉಸಿರಾಡುತ್ತಿತ್ತು.

ಈಗಿನ ಮನೆಗಳು ಹಾಗಿಲ್ಲ. ಮೇಲೆ ಸಿಮೆಂಟಿನ ತಾರಸಿ, ಸುತ್ತ ಗಾಜಿನ ಕಿಟಕಿ. ಚಳಿಗೆ ಒಂದಷ್ಟು, ಸೊಳ್ಳೆಗೆ ಒಂದಷ್ಟು ಎಂದು ಸಂಜೆಯೇ ಎಲ್ಲವನ್ನೂ ಮುಚ್ಚಿಬಿಡುತ್ತೇವೆ. ಹಳೆಯ ಮನೆಯಿಂದ ಬೆಂಕಿಯನ್ನು ಹೊಸ ಮನೆಗೆ ತಂದೆವು. ಗವಾಕ್ಷಿಯನ್ನು ಅಲ್ಲೇ ಬಿಟ್ಟು ಬಂದೆವು.

ಕಳೆದ ಡಿಸೆಂಬರಿನ ಒಂದು ಸಂಜೆ. ನಮ್ಮ ಎದುರು ಕಟ್ಟಡವೊಂದು ಏಳುತ್ತಿತ್ತು. ಅದರ ಕಾವಲುಗಾರ ತನ್ನ ಪುಟ್ಟ ಕೋಣೆಯ ಮುಂದೆ ಹಳೆಯ ಬಾಣಲೆಯಲ್ಲಿ ಇದ್ದಿಲು ಹೊತ್ತಿಸಿ ಊದುತ್ತಿದ್ದ. ಪಕ್ಕದಲ್ಲಿ ಅವನ ಇಬ್ಬರು ಮಕ್ಕಳು ಕೈ ಚಾಚಿ ಕೂತಿದ್ದರು. “ಹೊಗೆ ಎಲ್ಲಾ ಹೋಗ್ಲಿ ಅಂತ ಕಾಯ್ತಿದೀನಿ. ಬರೀ ಕೆಂಡ ಉಳಿದ ಮೇಲೆ ಒಳಗಿಟ್ಟು ಬಾಗಿಲು ಹಾಕ್ಕೊಂಡ್ರೆ ಬೆಳಗಿನವರೆಗೆ ಬೆಚ್ಚಗಿರುತ್ತೆ” ಎಂದ. ಮಕ್ಕಳಿಗೆ ಹೊಗೆ ತಾಗಬಾರದೆಂದು ಅಷ್ಟು ಎಚ್ಚರ ವಹಿಸಿದ ತಂದೆ ಅವನು.

ಆದರೆ ಅಪಾಯವಿರುವುದು ಆ ಹೊಗೆಯಿಲ್ಲದ ಕೆಂಡದಲ್ಲೇ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಗಾಳಿ ಕಡಿಮೆಯಾದಷ್ಟೂ ಅದು ಹೆಚ್ಚು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದೂ ಇಲ್ಲ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುತ್ತದೆ ಎಂದು ನೀವು ಓದಿದ್ದೀರಿ. ಈ ಅನಿಲ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳಲ್ಲೆಲ್ಲ ಬೇರೆಯವರು ಕೂತುಬಿಟ್ಟರೆ ಟಿಕೆಟು ಕೊಂಡವರು ನಿಲ್ದಾಣದಲ್ಲೇ ಉಳಿಯುವುದಿಲ್ಲವೇ? ಹಾಗೆ. ಮಲಗಿದವರಿಗೆ ಇದು ಗೊತ್ತಾಗುವುದೇ ಇಲ್ಲ. ನಿದ್ದೆ ಇನ್ನೂ ಗಾಢವಾಗುತ್ತದೆ, ಏಳುವ ಶಕ್ತಿಯೇ ಇರುವುದಿಲ್ಲ.

ಇದನ್ನೆಲ್ಲ ಅವನಿಗೆ ಹೇಳಿದೆ. ಗಮನವಿಟ್ಟು ಕೇಳಿದ. ಆಮೇಲೆ ಒಂದೇ ಮಾತು ಕೇಳಿದ: “ಹಾಗಾದ್ರೆ ರಾತ್ರಿ ಏನು ಮಾಡ್ಲಿ?”

ಸರಿಯಾದ ಪ್ರಶ್ನೆ. ಬುದ್ಧಿಮಾತು ಹೊದ್ದು ಮಲಗಲು ಆಗುವುದಿಲ್ಲ. ನಮ್ಮ ಮಹಡಿಯ ನಾಲ್ಕು ಮನೆ ಸುತ್ತಿದೆ. ಎರಡು ಕಂಬಳಿ, ಒಂದು ಕೌದಿ, ಮಕ್ಕಳಿಗೆ ಕಾಲುಚೀಲ ಸಿಕ್ಕವು. ಚಾಪೆಯ ಕೆಳಗೆ ಹಾಸಲು ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಕೊಟ್ಟೆವು. ತಣ್ಣನೆಯ ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುವುದರಿಂದ, ಹೊದಿಕೆಯಷ್ಟೇ ಹಾಸಿಗೆಯೂ ಮುಖ್ಯ. ಕಂಬಳಿ ತಾನೇ ಬಿಸಿಯನ್ನು ಹುಟ್ಟಿಸುವುದಿಲ್ಲ. ಅದರ ಎಳೆಗಳ ನಡುವೆ ಸಿಕ್ಕ ಗಾಳಿ ನಮ್ಮ ಮೈಯ ಬಿಸಿಯನ್ನೇ ಹೊರಗೆ ಹೋಗದಂತೆ ಹಿಡಿದಿಡುತ್ತದೆ. ಚಳ್ಳಕೆರೆಯ ಕಂಬಳಿಯಾಗಲಿ, ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಉತ್ತರ ಕರ್ನಾಟಕದ ಕೌದಿಯಾಗಲಿ ಮಾಡುವುದು ಇದನ್ನೇ. ಆ ರಾತ್ರಿ ಬಾಣಲೆ ಹೊರಗೇ ಆರಿತು.

ಇನ್ನು ನಮ್ಮ ನಿಮ್ಮ ಮನೆಯ ಮಾತು. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆಯೇ? ಅದೂ ಬೆಂಕಿಯೇ. ಮುಚ್ಚಿದ ಬಚ್ಚಲಿನಲ್ಲಿ ಅದೇ ಅನಿಲವನ್ನು ಬಿಡಬಲ್ಲದು. ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಬೇಕು. ಒಳಗೇ ಇದ್ದರೆ ಅದನ್ನು ಹೊರಗೆ ಹಾಕಿಸುವಂತೆ ಇಂದೇ ಅಪ್ಪ ಅಮ್ಮನಿಗೆ ಹೇಳಿ.

ವಿದ್ಯುತ್ ಹೀಟರಿನಲ್ಲಿ ಈ ಅನಿಲದ ಭಯವಿಲ್ಲ, ಆದರೆ ಅದರ ಹಸಿವು ದೊಡ್ಡದು. 2000 ವಾಟ್ ಹೀಟರು ಒಂದು ಗಂಟೆ ಪೂರ್ತಿ ಉರಿದರೆ 2 ಯೂನಿಟ್ ಖರ್ಚು. ಅದಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು. ಮೊಬೈಲು ಚಾರ್ಜ್ ಮಾಡುವ ಸಣ್ಣ ಪ್ಲಗ್ಗಿಗೆ ಸಿಕ್ಕಿಸಿದರೆ ತಂತಿ ಕಾದು ಹೊತ್ತಿಕೊಳ್ಳಬಹುದು. ಪರದೆ, ಹಾಸಿಗೆ, ಒಣಗಲು ಹಾಕಿದ ಬಟ್ಟೆ ಹೀಟರಿನಿಂದ ದೂರವಿರಲಿ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಇದ್ದರೆ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ ನೋಡುವುದು. ಅದು ದೊಡ್ಡವರ ಕೆಲಸ, ನಿಮ್ಮದಲ್ಲ.

ಬೆಂಕಿಯಿರುವ ಕೋಣೆಯಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ, ಅದರಲ್ಲೂ ಒಟ್ಟಿಗೆ ಇಬ್ಬರು ಮೂವರಿಗೆ ಬಂದರೆ, ಕಾರಣ ಹುಡುಕುತ್ತ ಕೂರಬೇಡಿ. ಎಲ್ಲರೂ ತಕ್ಷಣ ಹೊರಗಿನ ಗಾಳಿಗೆ ಬನ್ನಿ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ.

ಈ ಭಾನುವಾರ ಒಂದು ಕೆಲಸ ಮಾಡುತ್ತೀರಾ? ಮನೆಯಲ್ಲಿ ಬೆಂಕಿ ಉರಿಯುವ ಪ್ರತಿಯೊಂದು ಜಾಗದ ಮುಂದೆ ನಿಂತು, “ಇದರ ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ?” ಎಂದು ಕೇಳಿ. ಉತ್ತರ ಕೈಯಲ್ಲಿ ತೋರಿಸಲು ಬಂದರೆ ಸರಿ. ಬರದಿದ್ದರೆ ದೊಡ್ಡವರನ್ನು ಕರೆಯಿರಿ. ಹಾಗೆಯೇ ಕಪಾಟನ್ನೂ ಒಮ್ಮೆ ನೋಡಿ. ಯಾರೂ ಹೊದೆಯದ ಕಂಬಳಿಯೊಂದು ಮಡಿಚಿಟ್ಟಲ್ಲೇ ಇದ್ದರೆ, ಅದು ಬೇಕಾದವರು ನಿಮ್ಮ ಬೀದಿಯಲ್ಲೇ ಇರಬಹುದು.